ಹೆಂಗಸಿನ ಜ್ವರಕ್ಕೆ ‘ಟೆನ್ಷನ್’ ಎಂಬ ಹೆಸರೇಕೆ?



ಬೇಸಿಗೆ ರಜೆ ಬಂತೆಂದರೆ ಮಲ್ಲೇಶ್ವರಂನ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಸಾಗರ, ಸೊರಬ, ತೀರ್ಥಹಳ್ಳಿ ಕಡೆ ತವರಿರುವವರು ಮಕ್ಕಳೊಂದಿಗೆ ಹೊರಡುತ್ತಾರೆ. ಮರಳಿ ಬಂದ ವಾರದೊಳಗೆ ಜ್ವರ, ತಲೆ ಸಿಡಿತ, ಮೈಕೈ ನೋವು ಕಾಣಿಸಿಕೊಂಡರೆ ಮನೆಯವರು “ಪ್ರಯಾಣದ ಆಯಾಸ, ಇಲ್ಲವೇ ಟೆನ್ಷನ್” ಎನ್ನುತ್ತಾರೆ. ನೀವೂ ಹೌದೆಂದು ಒಪ್ಪಿ, ಮಾತ್ರೆ ನುಂಗಿ ಒಲೆಯ ಮುಂದೆ ನಿಲ್ಲುತ್ತೀರಿ.

ಹಾಗೆ ಒಪ್ಪದ ತಾಯಿಯೊಬ್ಬರಿದ್ದರು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನ ಪಾಲಿ ಮರ್ರೆ. ಅವರಿಗೂ ಮನೆಮಂದಿಗೂ ವರ್ಷಗಟ್ಟಲೆ ಕೀಲುನೋವು, ಜ್ವರ, ಚರ್ಮದ ಮೇಲೆ ಕೆಂಪು ಗುರುತು. ವೈದ್ಯರಿಗೆ ಏನೂ ಸಿಗಲಿಲ್ಲ. ಕೆಲವರು ಆಕೆಯ ಮನಸ್ಸನ್ನೇ ಶಂಕಿಸಿದರು. ಆಕೆ ಎಲ್ಲವನ್ನೂ ಬರೆದಿಟ್ಟುಕೊಂಡು 1975ರಲ್ಲಿ ಆರೋಗ್ಯ ಇಲಾಖೆಗೆ ತಿಳಿಸಿದರು. ತನಿಖೆಯಿಂದ ಉಣುಗು ಕಡಿತದಿಂದ ಬರುವ ರೋಗ ಬಯಲಾಯಿತು. ಅದಕ್ಕೆ ಆ ಊರಿನ ಹೆಸರೇ ಬಂತು.

ಅಮೆರಿಕದಲ್ಲಿ ವರದಿಯಾಗುವ ಲೈಮ್ ರೋಗಿಗಳಲ್ಲಿ ಗಂಡಸರು ತುಸು ಹೆಚ್ಚು, ಸ್ವೀಡನ್ನಿನಲ್ಲಿ ಹೆಂಗಸರು. ಚಿಕಿತ್ಸೆಯ ನಂತರವೂ ನೋವು, ನಿಶ್ಶಕ್ತಿ ಉಳಿದಿದೆ ಎನ್ನುವವರಲ್ಲಿ ಹೆಂಗಸರೇ ಹೆಚ್ಚೆಂದು ಹಲವು ಅಧ್ಯಯನಗಳು ಹೇಳಿವೆ. ಎಲ್ಲವೂ ಹಾಗೆ ಹೇಳಿಲ್ಲ. ದೇಹರಚನೆ ಕಾರಣವೋ, ತಡವಾದ ತಪಾಸಣೆ ಕಾರಣವೋ ಎಂಬ ಚರ್ಚೆ ಮುಗಿದಿಲ್ಲ. ತಡವಾಗದಂತೆ ನೋಡಿಕೊಳ್ಳುವುದಂತೂ ನಮ್ಮ ಕೈಯಲ್ಲಿದೆ.

ನಮ್ಮ ಮಲೆನಾಡಿನಲ್ಲಿ ಉಣುಗು ಹರಡುವುದು ಬೇರೆಯದೇ ರೋಗ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೂ ಜ್ವರ ಬಂತು. ಅದೇ ಮಂಗನ ಕಾಯಿಲೆ. ಲೈಮ್ ಬ್ಯಾಕ್ಟೀರಿಯಾದಿಂದ ಬರುವುದರಿಂದ ಆಂಟಿಬಯೋಟಿಕ್‌ಗೆ ಬಗ್ಗುತ್ತದೆ. ಇದು ವೈರಸ್, ನಿರ್ದಿಷ್ಟ ಔಷಧಿಯಿಲ್ಲ. ನೂರರಲ್ಲಿ ಮೂವರಿಂದ ಐವರು ಸಾಯುತ್ತಾರೆ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು.

ನವೆಂಬರಿನಿಂದ ಮೇವರೆಗೆ ಇದರ ಕಾಲ. ಸೌದೆಗೆ, ಕೊಟ್ಟಿಗೆಗೆ ಹಾಸುವ ಒಣ ಎಲೆಗೆ ಕಾಡಿಗೆ ಹೋಗುವ ಹೆಂಗಸರು ಉಣುಗಿನ ನಡುವೆಯೇ ಕೂರುತ್ತಾರೆ. ಬುರ್ಖಾ ತೊಟ್ಟಿದ್ದೇನಲ್ಲ ಎಂದು ನಿಶ್ಚಿಂತೆ ಬೇಡ, ಉಣುಗು ನೆಲದಿಂದ ಬಟ್ಟೆಯ ಅಂಚು ಹಿಡಿದೇ ಮೇಲೇರುತ್ತದೆ! ಆರೋಗ್ಯ ಇಲಾಖೆ ಕೊಡುವ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಿ. ಕಾಡಿನಿಂದ ಬಂದೊಡನೆ ಬಿಸಿನೀರು, ಸೋಪಿನಿಂದ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ.

ಮದ್ದು ಮಾಡಿಕೊಳ್ಳುವುದು ಪ್ರವಾದಿವರ್ಯರು(ಸ) ಕಲಿಸಿದ ದಾರಿ. ಕೆ.ಸಿ. ಜನರಲ್‌ಗೋ ಹತ್ತಿರದ ಇನ್ನಾವುದೋ ಆಸ್ಪತ್ರೆಗೋ ಹೋದಾಗ ಜ್ವರ ಶುರುವಾದ ದಿನ, ಹೋಗಿದ್ದ ಊರು, ಕಾಡಿಗೆ ಕಾಲಿಟ್ಟದ್ದು, ಅಲ್ಲಿ ಮಂಗ ಸತ್ತದ್ದು ಇವನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬೆಂಗಳೂರಿನ ವೈದ್ಯರು ಮೊದಲು ಡೆಂಗಿಯನ್ನೇ ಯೋಚಿಸುವುದು ಸಹಜ. ಜ್ವರ ಇಳಿದು ಒಂದೆರಡು ವಾರದಲ್ಲಿ ಮತ್ತೆ ಮರುಕಳಿಸಿದರೆ, ತಲೆನೋವು, ಗೊಂದಲ, ನಡುಕ ಕಂಡರೆ ಅಡುಗೆ ಮುಗಿಯಲಿ ಎಂದು ಕಾಯಬೇಡಿ. ಅದೇ ಚೀಟಿ ಹಿಡಿದು ಹೊರಡಿ.