ಪಾಠ ಒಪ್ಪಿಸುವುದರ ವಿಜ್ಞಾನ

ಶಾಲೆಯಲ್ಲಿ ನಡೆದ ಪಾಠವನ್ನು ಮನೆಯಲ್ಲಿ ಮತ್ತೊಮ್ಮೆ ಹೇಳಿಕೊಡುವುದೇ ಪಾಲಕರ ಕರ್ತವ್ಯವೆಂಬ ನಂಬಿಕೆ ವ್ಯಾಪಕವಾಗಿದ್ದು, ಅದಕ್ಕೆ ಬೇಕಾದ ವಿದ್ಯೆಯಾಗಲಿ ಬಿಡುವಾಗಲಿ ತಮಗಿಲ್ಲವೆಂದು ಕೊರಗುವ ತಂದೆತಾಯಿಯರು ಹಳ್ಳಿಯಲ್ಲಿಯೂ ನಗರದಲ್ಲಿಯೂ ಇದ್ದಾರೆ. ನೆನಪಿನ ಬಗ್ಗೆ ನಡೆದಿರುವ ಸಂಶೋಧನೆಗಳನ್ನು ಗಮನಿಸಿದರೆ ಈ ಕೊರಗಿಗೆ ಹೆಚ್ಚಿನ ಆಧಾರವಿಲ್ಲವೆಂಬುದು ತಿಳಿಯುತ್ತದೆ.

ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಬೇರೆ ಬೇರೆ ಅಂತರಗಳ ನಂತರ ಅವನ್ನು ಮರುಕಲಿಯಲು ಎಷ್ಟು ಶ್ರಮ ಬೇಕಾಯಿತೆಂಬುದನ್ನು ಅಳೆದು, ಫಲಿತಾಂಶವನ್ನು 1885ರಲ್ಲಿ ಪ್ರಕಟಿಸಿದನು. ಒಂದು ದಿನ ಕಳೆಯುವಷ್ಟರಲ್ಲಿ ಮೊದಲಿನ ಶ್ರಮದ ಸುಮಾರು ಮೂರನೆಯ ಒಂದು ಭಾಗ ಮಾತ್ರ ಅವನಿಗೆ ಉಳಿತಾಯವಾಗುತ್ತಿತ್ತು. ಮರೆವು ಆರಂಭದಲ್ಲಿ ವೇಗವಾಗಿದ್ದು ಬಳಿಕ ನಿಧಾನವಾಗುವ ಈ ಕ್ರಮಕ್ಕೆ ಮರೆವಿನ ರೇಖೆ ಎಂದು ಹೆಸರು.

ಈ ಮರೆವನ್ನು ತಡೆಯಲು ಪುಸ್ತಕವನ್ನು ಮತ್ತೆ ಮತ್ತೆ ಓದುವುದೇ ಉಪಾಯವೆಂದು ತೋರುವುದು ಸಹಜ. ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವು ಬೇರೆಯದನ್ನೇ ಹೇಳುತ್ತದೆ. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಗದ್ಯಭಾಗವೊಂದನ್ನು ನಾಲ್ಕು ಅವಧಿಗಳಲ್ಲಿ ಓದಿತು; ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರರಲ್ಲಿ ಬರಹವನ್ನು ನೋಡದೆ ನೆನಪಿಗೆ ಬಂದಷ್ಟನ್ನು ಬರೆಯಿತು. ಐದು ನಿಮಿಷಗಳ ನಂತರ ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರಾದರೂ, ಒಂದು ವಾರದ ಬಳಿಕ ಅವರಲ್ಲಿ ಉಳಿದದ್ದು ಸುಮಾರು ಶೇ 40, ನೆನಪಿನಿಂದ ಬರೆದವರಲ್ಲಿ ಶೇ 61. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ತಮಗೆ ಎಲ್ಲವೂ ನೆನಪಿರುತ್ತದೆಂಬ ಭರವಸೆ ಹೆಚ್ಚಾಗಿದ್ದದ್ದು ಬರಿದೇ ಓದಿದವರಲ್ಲಿ. ಕಣ್ಣಿಗೆ ಪರಿಚಿತವಾದ ಪುಟವು ಮನಸ್ಸಿಗೆ ವಶವಾಗಿದೆಯೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಒಳಗಿನಿಂದ ಹುಡುಕಿ ಹೊರತೆಗೆಯುವ ಶ್ರಮವಾದರೋ ನೆನಪನ್ನೇ ಬಲಪಡಿಸುತ್ತದೆ.

ಕನ್ನಡದ ಮನೆಗಳಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳು ಮಗ್ಗಿಯನ್ನೂ ಪದ್ಯವನ್ನೂ ಹಿರಿಯರೆದುರು ಒಪ್ಪಿಸುತ್ತಿದ್ದ ಪದ್ಧತಿಯಲ್ಲಿ ಇದೇ ತತ್ತ್ವ ಅಡಗಿತ್ತು. ಅದು ಹಲವೊಮ್ಮೆ ಗಿಳಿಪಾಠವಾಗಿ, ಏಟಿನ ಭಯದೊಡನೆ ಬೆರೆತು ಕೆಟ್ಟಿತೆಂಬುದು ನಿಜವಾದರೂ, ಆ ದೋಷಕ್ಕಾಗಿ ಪದ್ಧತಿಯನ್ನೇ ತೊರೆಯಬೇಕಾಗಿಲ್ಲ. ಮಗ್ಗಿಯ ಜೊತೆಗೆ ‘ಏಳೆಂಟಲ ಐವತ್ತಾರು ಹೇಗಾಯಿತು?’ ಎಂದೂ, ವಿಜ್ಞಾನದ ಪಾಠವಾದರೆ ‘ಮಳೆ ಬರುವುದು ಏಕೆ?’ ಎಂದೂ ಕೇಳಿದರೆ ಒಪ್ಪಿಸುವಿಕೆಯು ವಿವರಣೆಯಾಗುತ್ತದೆ. ಅಕ್ಷರ ಬಾರದ ತಾಯಿಯೂ ಹೀಗೆ ಕೇಳಬಲ್ಲಳು; ಆಕೆಗೆ ತಿಳಿಯುವಂತೆ ಹೇಳಬೇಕಾದ ಮಗುವಿಗೆ ತನ್ನ ಅರಿವಿನ ಕೊರತೆ ತಾನಾಗಿ ಗೋಚರಿಸುತ್ತದೆ. ಒಂದೇ ದಿನ ದೀರ್ಘವಾಗಿ ಕೂರಿಸುವುದಕ್ಕಿಂತ ಎರಡು ದಿನ, ಒಂದು ವಾರ ಬಿಟ್ಟು ಅದನ್ನೇ ಮತ್ತೆ ಕೇಳುವುದು ಹೆಚ್ಚು ಫಲಕಾರಿ.

ನೆರವು ಹಾನಿಯಾಗುವ ಸಂದರ್ಭವೂ ಉಂಟು. ಗಣಿತದ ಭಯವಿರುವ ಪಾಲಕರು ಮನೆಗೆಲಸದಲ್ಲಿ ಪದೇಪದೇ ಕೈಹಾಕಿದಾಗ ಒಂದನೆಯ ಮತ್ತು ಎರಡನೆಯ ತರಗತಿಯ ಮಕ್ಕಳು ವರ್ಷದಲ್ಲಿ ಕಡಿಮೆ ಗಣಿತ ಕಲಿತರೆಂದೂ, ಭಯವು ಅವರಿಗೂ ಹರಡಿತೆಂದೂ 2015ರಲ್ಲಿ ಅಮೆರಿಕದ ಅಧ್ಯಯನವೊಂದು ವರದಿ ಮಾಡಿದೆ. ಅಂಥ ಪಾಲಕರು ಹೆಚ್ಚು ಕೈಹಾಕದಿದ್ದಲ್ಲಿ ಈ ಪರಿಣಾಮ ಕಂಡುಬರಲಿಲ್ಲ. ಸಿಡುಕುತ್ತ ಹೇಳಿಕೊಡುವುದಕ್ಕಿಂತ ಸುಮ್ಮನಿರುವುದು ಲೇಸು.

ಆದುದರಿಂದ ಪಾಲಕರು ಊಟಕ್ಕೆ ಮುಂಚಿನ ಹತ್ತು ನಿಮಿಷವನ್ನಾದರೂ ಇದಕ್ಕೆ ಮೀಸಲಿಡಲಿ. ಪುಸ್ತಕವನ್ನು ಮುಚ್ಚಿಸಿ, ಅಂದು ಕಲಿತದ್ದನ್ನು ಹೇಳಿಸಲಿ, ಮಗು ತಡವರಿಸಿದಾಗ ಉತ್ತರವನ್ನು ತಾವೇ ಹೇಳಿಬಿಡದೆ ಸ್ವಲ್ಪ ಹೊತ್ತು ಕಾಯಲಿ.