ರೋಣ ಸೀಮೆಯ ಗುಡ್ಡಗಳೂ ಶ್ರೀಗಂಧದ ನೆಲೆಯೂ

ರೋಣದ ಸುತ್ತಣ ನೆಲವು ಎರೆಯ ಬಯಲು. ಜೋಳ, ಕಡಲೆ, ಹತ್ತಿಗಳನ್ನು ಬೆಳೆಯುವ ಈ ಬಯಲಿನ ಮೂಡಣ ಅಂಚಿನಲ್ಲಿ ಗಜೇಂದ್ರಗಡದ ಮರಳುಗಲ್ಲಿನ ಗುಡ್ಡಗಳು ಎದ್ದಿವೆ. ತೆಂಕಲಲ್ಲಿ, ಗದಗಿನ ಬಳಿಯ ಬಿಂಕದಕಟ್ಟಿಯಿಂದ ತುಂಗಭದ್ರೆಯ ತೀರದ ಸಿಂಗಟಾಲೂರಿನವರೆಗೆ ಕಪ್ಪತಗುಡ್ಡದ ಸಾಲು ಹಬ್ಬಿದೆ. ಬಂಡೆಯ ಸಂದಿನಲ್ಲಿ ಬೇರೂರಿದ ಗಿಡಕ್ಕೆ ಇವು ಕಡಲ ನಡುವಣ ದ್ವೀಪಗಳಿದ್ದಂತೆ.

ಸಾವಿರ ಮೀಟರ್ ಏರಿದರೆ ಗಾಳಿಯ ಉಷ್ಣತೆಯು ಸುಮಾರು 6.5 ಡಿಗ್ರಿ ಇಳಿಯುವುದು. ಆದುದರಿಂದ ಹವೆಯು ಒಂದು ಡಿಗ್ರಿ ಕಾದಲ್ಲಿ, ಹಿಂದಿನ ತಂಪನ್ನೇ ಬಯಸುವ ಸಸ್ಯವು ಸುಮಾರು 150 ಮೀಟರ್ ಮೇಲಕ್ಕೆ ಸರಿಯಬೇಕು. ಭಾರತದ ಸರಾಸರಿ ಉಷ್ಣತೆಯು 1901ರಿಂದ 2018ರ ವರೆಗೆ ಸುಮಾರು 0.7 ಡಿಗ್ರಿ ಏರಿದೆ. ಹಿಮಾಲಯದ ಗಿಡಕ್ಕೆ ಹತ್ತಲು ಎಡೆಯುಂಟು; ಈ ತಗ್ಗು ಗುಡ್ಡಗಳ ನೆತ್ತಿಯಾದರೋ ಬೇಗನೆ ಮುಗಿಯುತ್ತದೆ. ಬಡಗಣ ಇಳಿಜಾರಿನ ನೆರಳು ಚಳಿಗಾಲದಲ್ಲಿ ಆಸರೆಯಾದರೂ, ಮೇ ತಿಂಗಳ ಮೊದಲಲ್ಲಿ ಸೂರ್ಯನು ಈ ಸೀಮೆಯ ನೆತ್ತಿಯ ಮೇಲೆಯೇ ಬರುವನು. ಕಡುಬೇಸಗೆಯಲ್ಲಿ ಗಿಡವನ್ನು ಕಾಯುವುದು ಕೊರಕಲುಗಳಲ್ಲಿ ಉಳಿದ ತೇವವೇ ಹೊರತು ಬೆಟ್ಟದ ನೆರಳಲ್ಲ.

ಶ್ರೀಗಂಧದ ವಿಷಯದಲ್ಲಿ ಈ ತೇವದ ಬೆಲೆ ಮತ್ತೂ ಸ್ಪಷ್ಟವಾಗುವುದು. ಕವಿಸಮಯದಲ್ಲಿ ಅದು ಮಲಯಪರ್ವತದ ಮರ, ಸರ್ಪಗಳ ನೆಲೆ. ವಾಸ್ತವದಲ್ಲಿ ಬಯಲುಸೀಮೆಯ ಒಣ ಕುರುಚಲು ಕಾಡೂ ಅದರ ಮನೆಯಹುದು. ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟವು ಅದನ್ನು ಅಳಿವಿನ ಭೀತಿಯಿರುವ ಮರಗಳಲ್ಲಿ ಸೇರಿಸಿದೆ. ಅದು ಅರೆಪರಾವಲಂಬಿ: ಎಲೆಯಿಂದ ತನ್ನ ಆಹಾರವನ್ನು ತಾನೇ ಮಾಡಿಕೊಂಡರೂ, ನೀರನ್ನೂ ಲವಣಗಳನ್ನೂ ಬಹುಮಟ್ಟಿಗೆ ನೆರೆಯ ಗಿಡಗಳ ಬೇರುಗಳಿಗೆ ತನ್ನ ಬೇರನ್ನು ಹೊಂದಿಸಿ ಹೀರುತ್ತದೆ. ಸಸಿಮಡಿಗಳಲ್ಲಿ ಅದರೊಡನೆ ತೊಗರಿಯನ್ನು ಬಿತ್ತುವುದು ಇದಕ್ಕಾಗಿಯೇ. ಸದಾ ಹಸಿರಾದ ಈ ಮರಕ್ಕೆ ಬೇಸಗೆಯಲ್ಲಿಯೂ ನೀರು ಬೇಕು. ಬಿಸಿಲೇರಿ ನೆಲದ ಪಸೆಯಾರಿದರೆ ಆಶ್ರಯವಿತ್ತ ಗಿಡದ ಬಾಯಾರಿಕೆ ಆಶ್ರಿತನ ಪಾಲಿಗೂ ಬರುತ್ತದೆ. ಒಣಗಿದ ಹುಲ್ಲಿಗೆ ಬಿದ್ದ ಕಿಚ್ಚಿನಲ್ಲಿ ಎಳೆಯ ಸಸಿ ಉಳಿಯುವುದು ವಿರಳ.

ಶ್ರೀಗಂಧದ ಕೇಡಿಗೆ ಉಷ್ಣತೆಯೇ ಮೊದಲ ಕಾರಣವೆಂದರೆ ಅತಿಶಯೋಕ್ತಿಯಾದೀತು. ಕೊಡಲಿಯ ಪಾಲು ದೊಡ್ಡದು. ಆದರೆ ಕೊಡಲಿಯನ್ನು ಕಾನೂನು ತಡೆಯಬಲ್ಲದು. ಕಪ್ಪತಗುಡ್ಡವು 2015ರಲ್ಲಿ ಸಂರಕ್ಷಿತ ಪ್ರದೇಶವಾಯಿತು; 2016ರಲ್ಲಿ ಆ ಆಜ್ಞೆ ರದ್ದಾಗಿ, ಜನರ ಹೋರಾಟದ ಬಳಿಕ 2017ರಲ್ಲಿ ಮರಳಿ ಬಂದಿತು; 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ನೆಲವು ವನ್ಯಜೀವಿಧಾಮವಾಯಿತು. ಆದರೆ ಗಡಿಯ ಗುರುತು ನಿಂತಲ್ಲಿ ನಿಂತಿರುವುದು, ಹವೆಯು ನಿಲ್ಲದು. ಗಂಧದ ಹಣ್ಣನ್ನು ತಿಂದ ಹಕ್ಕಿಯು ಬೀಜವನ್ನು ದೂರ ಒಯ್ದು ಉದುರಿಸಬಲ್ಲದು. ಉತ್ತ ಹೊಲದಲ್ಲಿ ಬಿದ್ದರೆ ಅದಕ್ಕೆ ನೆಲೆನಿಂತ ಆಸರೆಯ ಬೇರು ದೊರೆಯದು. ಬೇವು ಜಾಲಿಗಳಿರುವ ಬದುವಿನಲ್ಲಿ ಬಿದ್ದರೆ ದೊರೆಯುವ ಸಂಭವವುಂಟು. ಗುಡ್ಡದಿಂದ ಗುಡ್ಡಕ್ಕೆ ಹಾದಿಯಾಗಬಲ್ಲ ಆ ಬದುಗಳು ವನ್ಯಜೀವಿಧಾಮದ ಗಡಿಯ ಹೊರಗೆ, ರೈತರ ಹೊಲಗಳಲ್ಲಿವೆ.