ಹೊಸ ನಾಡಿನಲ್ಲಿ ಮೊದಲ ದಿನಗಳು: ಗಲ್ಫ್‌ಗೆ ಹೊರಟ ಪುಟ್ಟ ಕುಟುಂಬದ ಆರೋಗ್ಯ

ಮಂಗಳೂರಿನಿಂದ ದುಬೈಗೆ ವಿಮಾನದಲ್ಲಿ ಹೆಚ್ಚೆಂದರೆ ನಾಲ್ಕು ಗಂಟೆಯ ದಾರಿ. ಇಳಿದ ಮೇಲೆ ಗಡಿಯಾರದ ಮುಳ್ಳನ್ನು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿದರೆ ಸಮಯ ಸರಿಹೋಯಿತು. ಆದರೆ ದೇಹಕ್ಕೆ ಅಂತಹ ಮುಳ್ಳಿಲ್ಲ. ಅದು ಹೊಸ ಹವೆಗೆ, ಹೊಸ ನೀರಿಗೆ, ಹೊಸ ಮನೆಗೆ ತನ್ನದೇ ನಿಧಾನಗತಿಯಲ್ಲಿ ಹೊಂದಿಕೊಳ್ಳುತ್ತದೆ.

ಭಟ್ಕಳ, ಉಡುಪಿ, ಮಂಗಳೂರು, ಪುತ್ತೂರು ಕಡೆಯ ಅನೇಕ ಮನೆಗಳ ಕಥೆ ಒಂದೇ ರೀತಿ. ಮಗ ಮೂರ್ನಾಲ್ಕು ವರ್ಷ ಗಲ್ಫ್‌ನಲ್ಲಿ ಬ್ಯಾಚುಲರ್ ರೂಮಿನಲ್ಲಿದ್ದು ದುಡಿಯುತ್ತಾನೆ. ಸಂಬಳ ಸ್ವಲ್ಪ ಹೆಚ್ಚಿದಾಗ ಫ್ಯಾಮಿಲಿ ವೀಸಾ ಮಾಡಿಸಿ ಪತ್ನಿಯನ್ನೂ ಪುಟ್ಟ ಮಗುವನ್ನೂ ಕರೆಸಿಕೊಳ್ಳುತ್ತಾನೆ. ಇಲ್ಲಿ ಒಂದು ವಿಷಯವನ್ನು ಎಲ್ಲರೂ ಮರೆಯುತ್ತಾರೆ. ಆ ನಾಡು ಅವನಿಗೆ ಹಳೆಯದು, ಪತ್ನಿಗೂ ಮಗುವಿಗೂ ಹೊಸದು. ‘ನನಗೇನೂ ಆಗುವುದಿಲ್ಲವಲ್ಲ, ನಿನಗೆ ಯಾಕೆ ತಲೆನೋವು?’ ಎಂದು ಅವನು ಕೇಳುವುದು ಸಹಜ, ಆದರೆ ಸರಿಯಲ್ಲ. ಮನೆಯ ದಿನಚರಿಯನ್ನು ಅಲ್ಲಿ ಪಳಗಿದವನ ದೇಹ ನೋಡಿ ನಿರ್ಧರಿಸಬಾರದು, ನಿನ್ನೆ ಬಂದಿಳಿದವರ ದೇಹ ನೋಡಿ ನಿರ್ಧರಿಸಬೇಕು. ಈ ಲೇಖನದ ಸಾರಾಂಶ ಇಷ್ಟೇ.

ಯುನಾನಿ ವೈದ್ಯಶಾಸ್ತ್ರದಲ್ಲಿ ‘ಅಸ್ಬಾಬೆ ಸಿತ್ತಾ ಝರೂರಿಯಾ’ ಎಂಬ ಮೂಲತತ್ವವಿದೆ. ಮನುಷ್ಯನ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳು ಎಂದರ್ಥ. ಹವೆ, ಅನ್ನ-ಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ದೇಹದ ವಿಸರ್ಜನೆ ಮತ್ತು ತಡೆ. ಊರಿನಲ್ಲಿರುವಾಗ ಇವುಗಳಲ್ಲಿ ಒಂದೋ ಎರಡೋ ಏರುಪೇರಾಗುತ್ತವೆ. ದೇಶ ಬದಲಿಸಿದಾಗ ಆರೂ ಒಂದೇ ದಿನ ಬದಲಾಗುತ್ತವೆ. ಮೊದಲ ವಾರಗಳಲ್ಲಿ ಕಾಣಿಸುವ ತಲೆನೋವು, ಮಲಬದ್ಧತೆ, ನೆಗಡಿ, ನಿದ್ರೆಗೇಡು, ಅಳು ಇವುಗಳಿಗೆ ಹೆಚ್ಚಾಗಿ ಕಾರಣ ಇದೇ.

ಸೂಟ್‌ಕೇಸ್ ಕಟ್ಟುವ ಮುನ್ನ

ಯಾತ್ರೆಗೆ ಮುಂಚೆ ಅಮ್ಮಂದಿರು ಪ್ರೀತಿಯಿಂದ ಕಟ್ಟಿಕೊಡುವ ಸಾಮಾನುಗಳಲ್ಲಿ ಒಂದು ಪೊಟ್ಟಣ ಇರಲೇಬಾರದು. ಅದು ಗಸಗಸೆ. ನಮ್ಮಲ್ಲಿ ಪಾಯಸಕ್ಕೂ ಕುರ್ಮಾಕ್ಕೂ ಬಳಸುವ ಈ ಕಾಳು ಯುಎಇ, ಸೌದಿ ಅರೇಬಿಯಾ ಮುಂತಾದ ರಾಷ್ಟ್ರಗಳಲ್ಲಿ ನಿಷಿದ್ಧ, ಏಕೆಂದರೆ ಅದು ಅಫೀಮು ಗಿಡದ ಬೀಜ. ಅರೆದ ಮಸಾಲೆ ಪುಡಿಯಲ್ಲಿ ಸೇರಿದ್ದರೂ ತೊಂದರೆಯೇ. ಯುನಾನಿ ವೈದ್ಯನಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಕೆಮ್ಮು ಮತ್ತು ನಿದ್ರೆಗೆ ಕೊಡುವ ಖಮೀರಾ ಖಶ್‌ಖಾಶ್‌ನಲ್ಲಿ ಗಸಗಸೆಯಿದೆ, ಬರ್‌ಶಾಶಾದಲ್ಲಿ ಅಫೀಮೇ ಇದೆ. ಇವನ್ನು ಒಯ್ಯಬೇಡಿ. ಹೆಸರಿನ ಚೀಟಿ ಇಲ್ಲದ ಯಾವ ಚೂರ್ಣವನ್ನೂ, ಯಾರು ಕೊಟ್ಟರೂ, ಒಯ್ಯಬೇಡಿ.

ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಎಂಬ ನೋವಿನ ಮಾತ್ರೆ, ಕೆಲವು ನಿದ್ರೆ ಮತ್ತು ಮಾನಸಿಕ ಕಾಯಿಲೆಯ ಮಾತ್ರೆಗಳು ಯುಎಇಯಲ್ಲಿ ನಿಯಂತ್ರಿತ ಪಟ್ಟಿಯಲ್ಲಿವೆ. ಅವು ನಿಮಗೆ ಅನಿವಾರ್ಯವಾದರೆ ಅಲ್ಲಿಯ ಸರಕಾರದಿಂದ ಆನ್‌ಲೈನ್ ಮೂಲಕ ಮುಂಚಿತವಾಗಿ ಅನುಮತಿ ಪಡೆಯಬೇಕು. ಬಿಪಿ, ಸಕ್ಕರೆ, ಥೈರಾಯಿಡ್ ಮಾತ್ರೆಗಳನ್ನು ಮೂಲ ಪೊಟ್ಟಣದಲ್ಲಿಯೇ, ವೈದ್ಯರ ಚೀಟಿಯೊಂದಿಗೆ, ಕೈಚೀಲದಲ್ಲಿಡಿ. ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ವಾರ ಮತ್ತೊಮ್ಮೆ ವಿಚಾರಿಸಿಕೊಳ್ಳಿ.

ಮಗುವಿನ ಲಸಿಕೆ ಕಾರ್ಡ್ ಪಾಸ್‌ಪೋರ್ಟ್‌ನಷ್ಟೇ ಮುಖ್ಯ. ನಮ್ಮ ಸರಕಾರಿ ಪಟ್ಟಿಯೂ ಅಲ್ಲಿಯ ಪಟ್ಟಿಯೂ ಪೂರ್ತಿ ಒಂದೇ ಅಲ್ಲ. ಇಲ್ಲಿ ಆರು, ಹತ್ತು, ಹದಿನಾಲ್ಕನೇ ವಾರ ಕೊಡುವ ಲಸಿಕೆಗಳನ್ನು ಅಲ್ಲಿ ಎರಡು, ನಾಲ್ಕು, ಆರನೇ ತಿಂಗಳಲ್ಲಿ ಕೊಡುತ್ತಾರೆ. ನಮ್ಮ ಸರಕಾರಿ ಪಟ್ಟಿಯಲ್ಲಿಲ್ಲದ ಚಿಕನ್‌ಪಾಕ್ಸ್ ಲಸಿಕೆ ಅಲ್ಲಿಯ ಪಟ್ಟಿಯಲ್ಲಿದೆ. ಕಾರ್ಡ್ ಇದ್ದರೆ ಯಾವುದು ಬಾಕಿಯಿದೆ ಎಂದು ಅಲ್ಲಿಯ ವೈದ್ಯರು ಹೇಳುತ್ತಾರೆ. ಕಾರ್ಡ್ ಇಲ್ಲದಿದ್ದರೆ ಮಗು ಅದೇ ಚುಚ್ಚುಮದ್ದನ್ನು ಮತ್ತೊಮ್ಮೆ ಪಡೆಯಬೇಕಾದೀತು.

ವಾಸದ ವೀಸಾಕ್ಕಾಗಿ 18 ವರ್ಷ ದಾಟಿದವರಿಗೆ ರಕ್ತ ಪರೀಕ್ಷೆ ಮತ್ತು ಎದೆಯ ಎಕ್ಸ್‌ರೇ ಇರುತ್ತದೆ. ಗರ್ಭಿಣಿಯಾಗಿದ್ದರೆ, ಅಥವಾ ಸಂಶಯವಿದ್ದರೂ ಸಾಕು, ಎಕ್ಸ್‌ರೇ ಕೋಣೆಗೆ ಹೋಗುವ ಮುನ್ನವೇ ತಿಳಿಸಿ. ಗರ್ಭಿಣಿಯರಿಗೆ ಎಕ್ಸ್‌ರೇಯಿಂದ ವಿನಾಯಿತಿಯಿದೆ. ನಾಚಿಕೆಯಿಂದ ಸುಮ್ಮನಿರಬೇಡಿ.

ಹವೆ: ಹೊರಗೆ ಬೆಂಕಿ, ಒಳಗೆ ಚಳಿ

ನಮ್ಮ ಶಾಲಾ ರಜೆ ಏಪ್ರಿಲ್-ಮೇ ತಿಂಗಳಲ್ಲಿ. ಹಾಗಾಗಿ ಅನೇಕ ಕುಟುಂಬಗಳು ಗಲ್ಫ್‌ನ ಬೇಸಿಗೆ ಶುರುವಾಗುವ ಹೊತ್ತಿಗೇ ಹೋಗಿ ಇಳಿಯುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲಿನ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು ಗಂಟೆವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂದು ಯುಎಇಯಲ್ಲಿ ನಿಯಮವಿದೆ. ಗಟ್ಟಿಮುಟ್ಟಾದ ಕಾರ್ಮಿಕರಿಗೇ ಬೇಡವೆಂದ ಆ ಹೊತ್ತಿನಲ್ಲಿ ಕೈಗೂಸನ್ನೆತ್ತಿಕೊಂಡು ಸಾಮಾನು ತರಲು ಹೋಗಬೇಡಿ. ದೇಹ ಬಿಸಿಲಿಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಅಲ್ಲಿಯವರೆಗೆ ಹೊರಗಿನ ಕೆಲಸ ಬೆಳಿಗ್ಗೆ ಬೇಗ ಅಥವಾ ಮಗ್ರಿಬ್ ಬಳಿಕ ಇರಲಿ.

ಸೆಖೆಯಿಂದ ಬಂದವರು ಮಾಡುವ ಇನ್ನೊಂದು ಕೆಲಸವೆಂದರೆ ಏಸಿಯನ್ನು 18ಕ್ಕೆ ಇಳಿಸುವುದು. ಬೆವರಿದ ಮೈಗೆ ತಣ್ಣನೆ ಗಾಳಿ ನೇರವಾಗಿ ಬಡಿದರೆ ನಝ್ಲಾ, ಅಂದರೆ ನೆಗಡಿ, ಕುತ್ತಿಗೆ ಹಿಡಿತ, ಮಕ್ಕಳಿಗೆ ಕಫ ಉಂಟಾಗುತ್ತದೆ ಎಂಬುದು ಹಕೀಮರ ಹಳೆಯ ಅನುಭವ. 24ರಿಂದ 26 ಡಿಗ್ರಿ ಸಾಕು. ಗಾಳಿ ತೊಟ್ಟಿಲಿನ ಮೇಲೆ ಬೀಳದಂತೆ ನೋಡಿಕೊಳ್ಳಿ. ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಧೂಳು ಏಸಿ ಫಿಲ್ಟರ್‌ನಲ್ಲಿರುತ್ತದೆ. ಮನೆ ಸೇರಿದ ಮೊದಲ ದಿನವೇ ತೊಳೆಸಿ.

ನೀರು ಮತ್ತು ಆಹಾರ

ಇಬ್ನ್ ಸೀನಾ ತಮ್ಮ ‘ಅಲ್ ಕಾನೂನ್’ ಗ್ರಂಥದಲ್ಲಿ ಪ್ರಯಾಣಿಕರ ಬಗ್ಗೆ ಬರೆಯುತ್ತಾ, ಆಹಾರದ ಬದಲಾವಣೆಗಿಂತ ನೀರಿನ ಬದಲಾವಣೆಯೇ ಅವರಿಗೆ ಹೆಚ್ಚು ಬಾಧಕವೆಂದು ಹೇಳಿದ್ದಾರೆ. ನೀರನ್ನು ಸೋಸಿ ಕುದಿಸಬೇಕೆಂದೂ ಸೂಚಿಸಿದ್ದಾರೆ. ಇಂದು ದುಬೈಯ ನಲ್ಲಿಯಲ್ಲಿ ಬರುವುದು ಸಮುದ್ರದ ನೀರನ್ನು ಸಿಹಿ ಮಾಡಿ ಶುದ್ಧೀಕರಿಸಿದ ನೀರು. ಆದರೆ ಅದು ಕಟ್ಟಡದ ಟ್ಯಾಂಕ್ ದಾಟಿ ನಿಮ್ಮ ಲೋಟಕ್ಕೆ ಬರುತ್ತದೆ. ಟ್ಯಾಂಕ್ ಎಷ್ಟು ಸ್ವಚ್ಛವೋ ನೀರು ಅಷ್ಟೇ ಸ್ವಚ್ಛ. ಮಗುವಿಗೆ ಕುದಿಸಿ ಆರಿಸಿದ ನೀರನ್ನೇ ಕೊಡಿ. ಆರು ತಿಂಗಳೊಳಗಿನ ಕೂಸಿಗೆ ಆ ಸೆಖೆಯಲ್ಲಿಯೂ ತಾಯಿಯ ಹಾಲು ಸಾಕು, ನೀರು ಬೇಡ. ಹೆಚ್ಚು ಬಾರಿ ಹಾಲೂಡಿಸಿ, ತಾಯಿ ಹೆಚ್ಚು ನೀರು ಕುಡಿಯಲಿ.

ಸ್ನಾನದ ನೀರಿನ ಬಗ್ಗೆಯೂ ಎಚ್ಚರವಿರಲಿ. ಬೇಸಿಗೆಯಲ್ಲಿ ಮಾಳಿಗೆಯ ಟ್ಯಾಂಕ್ ಕಾದು ‘ತಣ್ಣೀರು’ ನಲ್ಲಿಯಲ್ಲಿ ಸುಡುವ ನೀರು ಬರುತ್ತದೆ. ಹೊಸಬರಿಗೆ ಇದು ಗೊತ್ತಿರುವುದಿಲ್ಲ. ಮಗುವನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ, ಬಕೆಟ್‌ನಲ್ಲಿ ಹಿಡಿದು ಮೊಣಕೈ ಅದ್ದಿ ನೋಡಿ. ಮನೆಯೊಳಗಿನ ಹೀಟರನ್ನು ಬೇಸಿಗೆ ಪೂರ್ತಿ ಬಂದ್ ಮಾಡಿಟ್ಟು, ಬಿಸಿನೀರಿನ ನಲ್ಲಿಯಿಂದಲೇ ತಂಪು ನೀರು ಪಡೆಯುವುದು ಅಲ್ಲಿಯವರಿಗೆ ತಿಳಿದಿರುವ ಉಪಾಯ.

ಆಹಾರವನ್ನು ಒಮ್ಮೆಲೇ ಬದಲಿಸಬೇಡಿ. ಮೊದಲ ಎರಡು ವಾರ ಊರಿನ ಅಡುಗೆಯೇ ಇರಲಿ. ಕುಚ್ಚಲಕ್ಕಿ ಗಂಜಿ, ಮೀನು ಸಾರು, ತರಕಾರಿ, ಹೆಸರುಬೇಳೆ ಎಲ್ಲದಕ್ಕೂ ಬೇಕಾದ ಸಾಮಾನು ಅಲ್ಲಿಯ ಮಲಯಾಳಿ ಅಂಗಡಿಗಳಲ್ಲಿ ಸಿಗುತ್ತದೆ. ಮಜ್ಜಿಗೆಯ ಬದಲಿಗೆ ಲಬನ್ ಇದೆ, ನೀರು ಬೆರೆಸಿ ಚಿಟಿಕೆ ಉಪ್ಪು ಹಾಕಿ ಕುಡಿಯಿರಿ. ಬಂದವರನ್ನು ಸಂತೋಷಪಡಿಸಲು ದಿನವೂ ಹೋಟೆಲಿನ ಶವರ್ಮಾ, ತಂಪು ಪಾನೀಯ ಕೊಡಿಸುವ ಗಂಡಂದಿರು ಸ್ವಲ್ಪ ತಾಳ್ಮೆ ವಹಿಸಲಿ.

ಚಲನೆ, ನಿದ್ರೆ, ವಿಸರ್ಜನೆ

ಊರಿನಲ್ಲಿ ಅಂಗಳ, ಬಾವಿಕಟ್ಟೆ, ನೆರೆಮನೆ ಎಂದು ದಿನಕ್ಕೆ ನೂರು ಸಲ ನಡೆದಾಡುತ್ತಿದ್ದವರು ಫ್ಲಾಟಿನಲ್ಲಿ ಹತ್ತು ಹೆಜ್ಜೆಗೆ ನಿಲ್ಲುತ್ತಾರೆ. ಸೂರ್ಯನ ನಾಡಿನಲ್ಲಿದ್ದೂ ಗೋಡೆಯೊಳಗೇ ಉಳಿಯುವುದರಿಂದ ವಿಟಮಿನ್ ಡಿ ಕೊರತೆ ಅಲ್ಲಿ ವ್ಯಾಪಕ. ಸಂಜೆ ಅರ್ಧ ಗಂಟೆ ನಡೆಯಿರಿ, ಚಳಿಗಾಲದಲ್ಲಿ ಹಗಲಿನ ಬಿಸಿಲಿಗೆ ಮೈಯೊಡ್ಡಿರಿ. ಮೈಕೈ ನೋವು ಬಿಡದಿದ್ದರೆ ರಕ್ತ ಪರೀಕ್ಷೆ ಮಾಡಿಸಿ.

ಮಗು ಮೊದಲ ಕೆಲವು ದಿನ ಬೆಳಗಿನ ನಾಲ್ಕಕ್ಕೇ ಎದ್ದು ಕುಳಿತರೆ ಗಾಬರಿ ಬೇಡ, ಅದರ ಲೆಕ್ಕದಲ್ಲಿ ಆಗ ಐದೂವರೆ. ಮಲಗಿಸುವ ಹೊತ್ತನ್ನು ದಿನಕ್ಕೆ ಕಾಲು ಗಂಟೆಯಂತೆ ಮುಂದೂಡಿ. ಆದರೆ ರಾತ್ರಿ ಒಂದು ಗಂಟೆವರೆಗೆ ಮಾಲ್ ಸುತ್ತುವುದನ್ನು ಅಭ್ಯಾಸ ಮಾಡಿಸಬೇಡಿ.

ನೀರು ಕಡಿಮೆಯಾಗಿ, ನಡಿಗೆ ನಿಂತು, ಮೈದಾದ ಖುಬೂಸ್ ಹೆಚ್ಚಾದಾಗ ಮಲಬದ್ಧತೆ ಖಚಿತ. ಹಣ್ಣು, ಖರ್ಜೂರ, ತರಕಾರಿಗಳಿಂದ ಶುರುಮಾಡಿ. ದೊಡ್ಡವರು ರಾತ್ರಿ ಒಂದು ಚಮಚ ಇಸಬಗೋಲನ್ನು ದೊಡ್ಡ ಲೋಟ ನೀರಿನೊಂದಿಗೆ ತೆಗೆದುಕೊಳ್ಳಬಹುದು. ನೀರು ಕಡಿಮೆ ಮಾಡಿದರೆ ಅದೇ ತೊಂದರೆ ಕೊಡುತ್ತದೆ. ಹೊರಗೆ ಹೋದಾಗ ಸಂಕೋಚದಿಂದ ಮೂತ್ರ ತಡೆಯುವ ಮಹಿಳೆಯರಲ್ಲಿ ಉರಿಮೂತ್ರ ಸಾಮಾನ್ಯ. ಮೂತ್ರ ಕಡು ಹಳದಿಯಾದರೆ ದೇಹ ನೀರು ಕೇಳುತ್ತಿದೆ ಎಂದರ್ಥ.

ಮನಸ್ಸು: ಆರರಲ್ಲಿ ಒಂದು, ಕೊನೆಯದಲ್ಲ

ನಮ್ಮ ಹಕೀಮರು ಮನಸ್ಸಿನ ಭಾವಗಳನ್ನು ಅನ್ನ-ನೀರಿನ ಸಾಲಿನಲ್ಲಿಯೇ ಇಟ್ಟಿದ್ದಾರೆ. ದುಃಖ, ಭಯ, ಒಂಟಿತನ ಇವು ಹಸಿವು, ನಿದ್ರೆ, ಎದೆಹಾಲು ಎಲ್ಲವನ್ನೂ ಬಾಧಿಸುತ್ತವೆ.

ಗಂಡ ಬೆಳಿಗ್ಗೆ ಏಳಕ್ಕೆ ಹೊರಟು ರಾತ್ರಿ ಎಂಟಕ್ಕೆ ಬರುತ್ತಾನೆ. ಅತ್ತೆ, ನಾದಿನಿ, ಅಕ್ಕಪಕ್ಕದವರ ನಡುವೆ ಬೆಳೆದ ಹೆಣ್ಣುಮಗಳು ಹನ್ನೆರಡನೇ ಮಹಡಿಯಲ್ಲಿ ಒಂದು ಮಗುವಿನೊಂದಿಗೆ ಹದಿಮೂರು ಗಂಟೆ ಕಳೆಯಬೇಕು. ಊರಿಗೆ ವಿಡಿಯೊ ಕರೆ ಮಾಡಿದಾಗ ‘ನಿನಗೇನಮ್ಮಾ, ದುಬೈಯಲ್ಲಿದ್ದೀ’ ಎನ್ನುತ್ತಾರೆ. ಅವಳು ನಗುತ್ತಾಳೆ, ಫೋನಿಟ್ಟು ಅಳುತ್ತಾಳೆ. ನನ್ನ ದವಾಖಾನೆಗೆ ರಜೆಯಲ್ಲಿ ಬರುವ ಗಲ್ಫ್‌ನ ಸೊಸೆಯಂದಿರಲ್ಲಿ ಗ್ಯಾಸ್, ಎದೆಬಡಿತ, ಕೂದಲುದುರುವಿಕೆ ಎಂದು ಹೇಳಿಕೊಳ್ಳುವ ಹಲವರ ಮಾತು ಅರ್ಧ ಗಂಟೆ ಕೇಳಿದರೆ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ.

ಗಂಡಂದಿರೇ, ಸಾಧ್ಯವಿದ್ದರೆ ಕುಟುಂಬ ಬಂದ ಮೊದಲ ವಾರ ರಜೆ ಹಾಕಿ. ಪತ್ನಿಗೆ ಅಲ್ಲಿಯ ಸಿಮ್, ಸ್ವಲ್ಪ ಹಣ, ಮನೆಯ ವಿಳಾಸ ಬರೆದ ಚೀಟಿ ಕೊಡಿ. ಅಂಗಡಿಗೆ, ಕ್ಲಿನಿಕ್‌ಗೆ, ಉದ್ಯಾನಕ್ಕೆ ಒಮ್ಮೆ ಜೊತೆಯಲ್ಲಿ ಹೋಗಿ ದಾರಿ ತೋರಿಸಿ, ಮರುದಿನ ಅವಳೇ ಹೋಗಿ ಬರಲಿ. ಕಟ್ಟಡದಲ್ಲಿ ಮಕ್ಕಳಿರುವ ಒಂದು ಮನೆಯ ಪರಿಚಯ ಮಾಡಿಸಿ. ಊರಿನ ಹಿರಿಯರೇ, ‘ಹೊಂದಿಕೊಂಡು ಹೋಗು’ ಎನ್ನುವ ಮೊದಲು ‘ಹೇಗಿದ್ದೀ’ ಎಂದು ಕೇಳಿ, ಉತ್ತರ ಪೂರ್ತಿ ಕೇಳಿ. ಅಳು, ನಿದ್ರೆಗೇಡು, ಮಗುವಿನ ಮೇಲೂ ಬೇಸರ ಎರಡು ವಾರಕ್ಕಿಂತ ಹೆಚ್ಚು ಉಳಿದರೆ, ವಿಶೇಷವಾಗಿ ಹೆರಿಗೆಯಾಗಿ ವರ್ಷ ತುಂಬದವರಲ್ಲಿ, ಅದನ್ನು ‘ಊರಿನ ನೆನಪು’ ಎಂದು ತಳ್ಳಿಹಾಕಬೇಡಿ. ವೈದ್ಯರಿಗೆ ತೋರಿಸಿ.

ತಡಮಾಡಬಾರದ ಸಂದರ್ಭಗಳು

* ಮಗುವಿಗೆ ವಾಂತಿ-ಭೇದಿಯಾದರೆ ಓಆರ್‌ಎಸ್ ಕೊಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮೂತ್ರ ನಿಂತರೆ, ಕಣ್ಣು ಗುಳಿಬಿದ್ದರೆ, ಮಗು ಮಂಕಾದರೆ ಕೂಡಲೇ ಆಸ್ಪತ್ರೆಗೆ ಹೋಗಿ.

* ಬಿಸಿಲಿನಲ್ಲಿದ್ದವರ ಮೈ ಸುಡುತ್ತಿದ್ದು, ಮಾತು ತಡವರಿಸಿದರೆ, ಪ್ರಜ್ಞೆ ಮಸುಕಾದರೆ ಅದು ಶಾಖಾಘಾತ. ನೆರಳಿಗೆ ತಂದು, ಮೈಗೆ ನೀರು ಸುರಿದು ಗಾಳಿ ಹಾಕುತ್ತಲೇ ಆಂಬುಲೆನ್ಸ್ ಕರೆಯಿರಿ.

* ಮನೆಯ ಎಲ್ಲರಿಗೂ ಒಟ್ಟಿಗೆ ವಾಂತಿ, ಉಸಿರುಕಟ್ಟು ಶುರುವಾದರೆ ಅದು ಊಟದ ದೋಷವೇ ಎಂದುಕೊಳ್ಳಬೇಡಿ. ತಿಗಣೆ ಕೊಲ್ಲಲು ಪಕ್ಕದ ಫ್ಲಾಟಿನಲ್ಲಿ ಕಾನೂನುಬಾಹಿರವಾಗಿ ಇಟ್ಟ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳ ವಿಷಾನಿಲ ಗೋಡೆ ದಾಟಿ ಬಂದು ಶಾರ್ಜಾದಲ್ಲಿ ಮಕ್ಕಳು ಸಾವನ್ನಪ್ಪಿದ ಘಟನೆಗಳಿವೆ. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನಂಥ ವಾಸನೆ ಬಂದರೆ, ಬರದಿದ್ದರೂ ಸಂಶಯವಿದ್ದರೆ, ಎಲ್ಲರೂ ಹೊರಗೆ ಬನ್ನಿ. ನೀವಂತೂ ಅಂತಹ ಗುಳಿಗೆಯನ್ನು ಎಂದೂ ತರಬೇಡಿ.

* ಬಾಲ್ಕನಿಯ ಕಟಕಟೆಯ ಬಳಿ ಕುರ್ಚಿ, ಪೆಟ್ಟಿಗೆ ಇಡಬೇಡಿ. ಕಿಟಕಿಗೆ ಬೀಗವಿರಲಿ. ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಎರಡು ನಿಮಿಷವೂ ಬಿಡಬೇಡಿ.

ಯುಎಇಯಲ್ಲಿ ಆಂಬುಲೆನ್ಸ್‌ಗೆ 998, ಪೊಲೀಸರಿಗೆ 999. ದುಬೈಯಲ್ಲಿ ಆರೋಗ್ಯ ವಿಮೆ ಕಡ್ಡಾಯ, ಕುಟುಂಬದ ವಿಮೆ ಮಾಡಿಸುವ ಹೊಣೆ ಕರೆಸಿಕೊಂಡವರದ್ದು. ವಿಮೆಯ ಕಾರ್ಡಿಗೆ ಒಪ್ಪುವ ಹತ್ತಿರದ ಕ್ಲಿನಿಕ್ ಯಾವುದೆಂದು ಕಾಯಿಲೆ ಬರುವ ಮೊದಲೇ ತಿಳಿದುಕೊಳ್ಳಿ. ಈ ಎರಡು ಸಂಖ್ಯೆಗಳು, ಕ್ಲಿನಿಕ್‌ನ ಹೆಸರು, ಮನೆಯ ವಿಳಾಸ, ಗಂಡನ ಕಚೇರಿಯ ಫೋನ್ ಇಷ್ಟನ್ನು ದಪ್ಪಕ್ಷರದಲ್ಲಿ ಬರೆದು ಫ್ರಿಜ್‌ನ ಬಾಗಿಲಿಗೆ ಅಂಟಿಸಿ. ಮನೆ ಸೇರಿದ ಮೊದಲ ಸಂಜೆಯೇ ಮಾಡಬೇಕಾದ ಕೆಲಸವಿದು. ಉಳಿದ ಪೆಟ್ಟಿಗೆಗಳನ್ನು ನಿಧಾನವಾಗಿ ಬಿಚ್ಚಬಹುದು.